ಭಾಷಣ ಮುಗಿದ ಮೇಲೆ

ಸೀರೆ ಉಡುವುದನ್ನು ಯಾರೂ ಶಾಲೆಯಲ್ಲಿ ಕಲಿಯುವುದಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದು ಬರುತ್ತದೆ. ನೂರು ವರ್ಷದ ಹಿಂದೆ ಅದರಲ್ಲಿ ಇನ್ನೊಂದು ಸಂಗತಿಯೂ ಇತ್ತು. ಒಬ್ಬ ಹೆಂಗಸು ಯಾವ ಜಾತಿಯವಳು ಎಂಬುದನ್ನು ಅವಳ ಸೆರಗು, ನಿರಿಗೆ, ಕಚ್ಚೆ ನೋಡಿಯೇ ಹೇಳಿಬಿಡಬಹುದಿತ್ತು. ಕೊಂಕಣದ ಅಸ್ಪೃಶ್ಯ ಜಾತಿಗಳ ಹೆಂಗಸರು ಸೀರೆಯನ್ನು ಮೊಣಕಾಲಿಗಿಂತ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದರು. ಹಿಮ್ಮಡಿ ಮುಟ್ಟುವಂತೆ ಉಡುವುದು ಮೇಲಿನವರ ಹಕ್ಕಾಗಿತ್ತು. ಮೊಣಕೈತನಕ ತೊಡುತ್ತಿದ್ದ ಅಗ್ಗದ ಲೋಹದ ಕಡಗಗಳು, ಕೊರಳು ತುಂಬುವ ಸರಗಳು ಕೂಡ ದೂರದಿಂದಲೇ ಜಾತಿಯನ್ನು ಸಾರುತ್ತಿದ್ದವು.

1927ರ ಡಿಸೆಂಬರ್ ಕೊನೆಯ ವಾರ, ಅದೇ ಕೊಂಕಣದ ಮಹಾಡ್ ಎಂಬ ಪೇಟೆಯಲ್ಲಿ ಆ ಗುರುತು ಕಳಚಿಬಿತ್ತು. ಅಲ್ಲಿ ಸೇರಿದ್ದ ಹೆಂಗಸರು ಒಂದು ಭಾಷಣ ಕೇಳಿದರು. ಕೇಳಿದ ಬೆನ್ನಲ್ಲೇ ಸೀರೆಯನ್ನು ಕಾಲಮಟ್ಟಕ್ಕೆ ಇಳಿಸಿ ಉಟ್ಟರು. ಹಾಗೆ ಉಡುವುದು ಗೊತ್ತಿಲ್ಲದವರಿಗೆ, ಅಸ್ಪೃಶ್ಯರ ಚಳವಳಿಯ ಬೆಂಬಲಕ್ಕೆ ನಿಂತಿದ್ದ ಮೇಲ್ಜಾತಿ ಮನೆಗಳ ಹೆಂಗಸರು ನಿರಿಗೆ ಹಿಡಿದು ತೋರಿಸಿಕೊಟ್ಟರು. ಮಾತಾಡಿದವರು ಡಾ. ಬಿ.ಆರ್. ಅಂಬೇಡ್ಕರ್. ಆಗ ಅವರಿಗೆ ಮೂವತ್ತಾರು ವರ್ಷ.

ನಾವೆಲ್ಲ ಎಷ್ಟೋ ಭಾಷಣ ಕೇಳಿದ್ದೇವೆ. ಮಹಿಳಾ ದಿನಾಚರಣೆಯಲ್ಲಿ, ಕಾಲೇಜಿನ ಸಭಾಂಗಣದಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ ಸಮಾನತೆಯ ಮಾತು ಕೇಳಿ ಚಪ್ಪಾಳೆ ತಟ್ಟಿ ಎದ್ದು ಬಂದಿದ್ದೇವೆ. ಮನೆಗೆ ಬಂದಾಗ ಅಡುಗೆಮನೆಯಲ್ಲಿ ದೀಪ ಹಚ್ಚಿದವಳು ಅದೇ ಅಮ್ಮ, ಅದೇ ಹೆಂಡತಿ. ಹಾಗಾದರೆ ಮಹಾಡ್‌ನಲ್ಲಿ ನಡೆದದ್ದೇನು? ಒಂದು ಮಾತು ಕೇಳಿದವರ ನೋಟವನ್ನೇ ಬದಲಿಸುವುದು ಹೇಗೆ? ಎಲ್ಲಿಯವರೆಗೆ ಬದಲಿಸೀತು, ಎಲ್ಲಿ ನಿಂತುಹೋದೀತು?

ಕೆರೆಯಿಂದ ಮನೆಗೆ

ಮಹಾಡ್‌ನ ಕಥೆ ಶುರುವಾದದ್ದು ನೀರಿನಿಂದ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡ್‌ನ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಆದರೆ ಕೆರೆಗೆ ಇಳಿಯುವ ಧೈರ್ಯ ಯಾರಿಗೂ ಬಂದಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಕುಡಿದರು. ಅಂದೇ ಅವರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಸವರ್ಣೀಯರು ಕೊಡಗಟ್ಟಲೆ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಿಕೊಂಡರು.

ಡಿಸೆಂಬರ್‌ನಲ್ಲಿ ಕೆರೆಯ ನೀರಿಗಾಗಿ ಸತ್ಯಾಗ್ರಹ ಮಾಡಲೆಂದು ಮತ್ತೆ ಜನ ಸೇರಿದರು. ಸಭೆಗೆ ಯಾರೂ ಜಾಗ ಕೊಡದಿದ್ದಾಗ ಫತೇಖಾನ್ ಎಂಬ ಮುಸ್ಲಿಂ ಗೃಹಸ್ಥರು ತಮ್ಮ ಜಮೀನು ಬಿಟ್ಟುಕೊಟ್ಟರು. ಡಿಸೆಂಬರ್ 25ರ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಸುಡುವ ಠರಾವು ಮಂಡಿಸಿದ ಸಹಸ್ರಬುದ್ಧೆಯವರು ಹುಟ್ಟಿನಿಂದ ಬ್ರಾಹ್ಮಣರು. ಆದರೆ ಕೆರೆಯ ಬಳಿಗೆ ಹೋಗದಂತೆ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಸತ್ಯಾಗ್ರಹವನ್ನು ಮುಂದೂಡಬೇಕಾಯಿತು. ಬುತ್ತಿ ಕಟ್ಟಿಕೊಂಡು, ದಿನಗಟ್ಟಲೆ ನಡೆದು, ಏಟು ತಿನ್ನಲು ಸಿದ್ಧರಾಗಿ ಬಂದಿದ್ದವರು ನೀರು ಮುಟ್ಟದೆಯೇ ವಾಪಸಾಗಬೇಕಿತ್ತು.

ಹಾಗೆ ಮುಖ್ಯ ದಾರಿ ಮುಚ್ಚಿಹೋದ ಹೊತ್ತಿನಲ್ಲಿ ಅಂಬೇಡ್ಕರ್ ಹೆಂಗಸರ ಕಡೆ ತಿರುಗಿದರು. ಕೆರೆಗೆ ತಡೆಯಾಜ್ಞೆ ಇತ್ತು. ಮನೆಗೆ ಯಾವ ತಡೆಯಾಜ್ಞೆಯೂ ಇರಲಿಲ್ಲ.

ಏನು ಹೇಳಿದರು, ಹೇಗೆ ಹೇಳಿದರು

ಆ ಭಾಷಣದ ತಿರುಳು ಹೀಗಿದೆ: ಅಸ್ಪೃಶ್ಯತೆಯನ್ನು ಅಳಿಸುವುದು ಗಂಡಸರ ಕೆಲಸ ಎಂದುಕೊಳ್ಳಬೇಡಿ, ಅದು ನಿಮ್ಮದು. ಮೇಲ್ಜಾತಿಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಿಗುವ ಮರ್ಯಾದೆ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಏಕಿಲ್ಲ ಎಂದು ಯೋಚಿಸಿ. ನೀವು ಉಡುವ ರೀತಿ, ತೊಡುವ ಒಡವೆ ನಿಮ್ಮನ್ನು ಕೀಳೆಂದು ಸಾರುತ್ತಿವೆ, ಬಿಟ್ಟುಬಿಡಿ. ಸತ್ತ ದನದ ಮಾಂಸ ಮನೆಯೊಳಗೆ ಬಾರದಂತೆ ನೋಡಿಕೊಳ್ಳಿ. ಕುಡಿದು ಬಂದ ಗಂಡನಿಗೆ, ಮಗನಿಗೆ ಊಟ ಬಡಿಸಬೇಡಿ. ಹೆಣ್ಣುಮಕ್ಕಳನ್ನು ಓದಿಸಿ, ಓದು ಗಂಡಿಗೆ ಎಷ್ಟು ಬೇಕೋ ಹೆಣ್ಣಿಗೂ ಅಷ್ಟೇ ಬೇಕು.

ಇದರಲ್ಲಿ ಮೊದಲು ಗಮನಿಸಬೇಕಾದದ್ದು ಸಂಬೋಧನೆ. ಆ ಹೆಂಗಸರ ಬಗ್ಗೆ ಮಾತಾಡಿದವರು ಮೊದಲೂ ಇದ್ದರು. ಮಿಷನರಿಗಳಿದ್ದರು, ಸುಧಾರಕರಿದ್ದರು, ದಯೆ ತೋರುವವರಿದ್ದರು. ಅವರ ಜೊತೆ ನೇರವಾಗಿ, ಈ ಹೋರಾಟ ನಿಮ್ಮ ಕೈಯಲ್ಲಿದೆ ಎಂದು ಮಾತಾಡಿದವರು ಕಡಿಮೆ. ‘ಪಾಪ’ ಎನ್ನಿಸಿಕೊಳ್ಳುತ್ತ ಬಂದವರು ಈಗ ‘ನೀವು ಮಾಡಬೇಕು’ ಎಂಬ ಮಾತು ಕೇಳಿದರು. ನನ್ನಿಂದ ಏನೂ ಆಗದು ಎಂದುಕೊಂಡವಳಿಗೆ ಜವಾಬ್ದಾರಿ ವಹಿಸುವುದಕ್ಕಿಂತ ದೊಡ್ಡ ಗೌರವ ಬೇರೆ ಇಲ್ಲ.

ಎರಡನೆಯದು, ಹಣೆಬರಹವೆಂದು ನಂಬಿದ್ದನ್ನು ಮನುಷ್ಯರು ಮಾಡಿದ ಕಟ್ಟಳೆ ಎಂದು ತೋರಿಸಿದ್ದು. ಸೀರೆ ಮೊಣಕಾಲ ಮೇಲಿರಬೇಕು ಎಂಬುದು ದೇವರ ಅಪ್ಪಣೆಯಲ್ಲ. ಯಾರೋ ಹಾಕಿದ ನಿಯಮ ಅದು, ಹಾಕಿದ್ದನ್ನು ತೆಗೆಯಬಹುದು. ಈ ಒಂದು ತಿಳಿವಳಿಕೆ ಬಂದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಸೀರೆಯ ನಿಯಮ ಬದಲಾಗಬಹುದಾದರೆ ನೀರಿನದೂ ಬದಲಾಗಬಹುದು, ಓದಿನದೂ ಬದಲಾಗಬಹುದು, ಮದುವೆಯದೂ ಬದಲಾಗಬಹುದು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅಂಬೇಡ್ಕರ್ ಸಮಾನತೆಯನ್ನು ದೂರದ ಕನಸಾಗಿ ಬಿಡಲಿಲ್ಲ, ಕೈಗೆ ಸಿಗುವ ಕೆಲಸವಾಗಿ ಕೊಟ್ಟರು. ಸೆರಗು, ಕಡಗ, ಒಲೆ, ಪಾಟಿಚೀಲ, ಇವೆಲ್ಲ ಆ ಹೆಂಗಸರ ಕೈಯಳತೆಯಲ್ಲಿದ್ದ ವಸ್ತುಗಳು. ಕೇಳಿದವರು ಮನೆಗೆ ಹೋಗಿ ಏನು ಮಾಡಬೇಕೆಂದು ತಡಕಾಡಬೇಕಾಗಿರಲಿಲ್ಲ. ಅದೂ ಒಬ್ಬೊಬ್ಬರೇ ಮಾಡಬೇಕಾಗಿರಲಿಲ್ಲ. ಒಂದೂರಿನಲ್ಲಿ ಒಬ್ಬಳೇ ಸೀರೆ ಇಳಿಸಿ ಉಟ್ಟರೆ ಅವಳಿಗೆ ಏಟು ಬೀಳುತ್ತದೆ. ನೂರಾರು ಜನ ಒಟ್ಟಿಗೆ ಉಟ್ಟರೆ ಅದು ಹೊಸ ರೂಢಿ.

ಈ ಭಾಷಣಕ್ಕೆ ಆಕ್ಷೇಪವೂ ಇದೆ. ಮೇಲ್ಜಾತಿಯವರಂತೆ ಉಡುವುದೇ ಮರ್ಯಾದೆಯೇ? ಸಮುದಾಯದ ಮಾನ ಕಾಯುವ ಹೊರೆಯನ್ನು ಹೆಣ್ಣಿನ ಮೈಮೇಲೆ ಏಕೆ ಹೊರಿಸಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ಮಹಾಡ್‌ನ ಬೀದಿಯಲ್ಲಿ ನಿಂತು ಹುಡುಕಬೇಕು. ಗುರುತಿನಿಂದಲೇ ಏಟು ತಿನ್ನುತ್ತಿದ್ದವಳಿಗೆ ಆ ಗುರುತನ್ನು ತನ್ನ ಕೈಯಾರೆ ಕಳಚುವುದು ಅನುಕರಣೆಯಲ್ಲ, ಬಿಡುಗಡೆ.

ಒಂದೇ ಮಾತು, ಇಬ್ಬರು ಕೇಳುಗರು

ಅಂಬೇಡ್ಕರರ ಮಾತು ಕೇಳಿ ಬದುಕು ತಿರುಗಿದವರಲ್ಲಿ ಬೇಬಿ ಕಾಂಬಳೆ ಒಬ್ಬರು. 1929ರಲ್ಲಿ ಹುಟ್ಟಿದ ಅಸ್ಪೃಶ್ಯವೆನಿಸಿದ್ದ ಮಹಾರ್ ಜಾತಿಯ ಈ ಹೆಣ್ಣುಮಗಳು ಬರೆದ ‘ಜಿಣಂ ಆಮುಚಂ’ ಮರಾಠಿಯ ಮೊದಲ ದಲಿತ ಮಹಿಳಾ ಆತ್ಮಕಥನಗಳಲ್ಲಿ ಒಂದು. ಜೇಜೂರಿಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣವನ್ನು ಆಕೆ ಅದರಲ್ಲಿ ನೆನೆಯುತ್ತಾರೆ. ಖಂಡೋಬ ದೇವರ ಜಾತ್ರೆಗೆ ಮಹಾರರು ಗುಂಪುಗುಂಪಾಗಿ ಹೋಗುತ್ತಿದ್ದ ಊರು ಅದು. ಹರಕೆಗೆ ಸುರಿಯುವುದನ್ನು ಮಕ್ಕಳ ಓದಿಗೆ ಸುರಿಯಿರಿ, ಸತ್ತದ್ದನ್ನು ತಿನ್ನಬೇಡಿ ಎಂಬ ಮಾತು ಅಲ್ಲಿಂದ ಕೇರಿ ಕೇರಿಗೆ ಹಬ್ಬಿತು. ಮಕ್ಕಳು ಶಾಲೆಯ ಮೆಟ್ಟಿಲೇರಿದರು. ಹಾಗೆ ಏರಿದ ಮಕ್ಕಳಲ್ಲಿ ಬೇಬಿಯೂ ಇದ್ದರು.

ಆಕೆಯ ಪುಸ್ತಕದಲ್ಲಿ ಕೇರಿಯ ಸೊಸೆಯಂದಿರ ಕಥೆಯೂ ಇದೆ. ಓಡಿಹೋಗಲು ನೋಡಿದ ಎಳೆಯ ಸೊಸೆಯ ಕಾಲಿಗೆ ಭಾರದ ಮರದ ಕೊರಡು ಬಿಗಿಯುತ್ತಿದ್ದರು. ಹೊರಗಿನವರು ಕೇರಿಯನ್ನು ತುಳಿದರು, ಕೇರಿಯ ಗಂಡಸು ಮನೆಯ ಹೆಣ್ಣನ್ನು ತುಳಿದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಎದೆಗಾರಿಕೆ ಆಕೆಯದು.

ಬೇಬಿ ಕಾಂಬಳೆ ಫಲಟಣ್ ಎಂಬ ಊರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಸಾಮಾನು ಕಟ್ಟಲು ಬರುತ್ತಿದ್ದ ಹಳೆಯ ಪೇಪರುಗಳನ್ನು ಓದುತ್ತ ಓದುತ್ತ ಬರೆಯಲು ಶುರುಮಾಡಿದರು. ಬರೆದದ್ದನ್ನು ಮನೆಯ ಮೂಲೆಗಳಲ್ಲಿ ಬಚ್ಚಿಟ್ಟರು. ಗಂಡನಿಗೆ ಗೊತ್ತಾಗಬಾರದು, ಮಗನಿಗೆ ಗೊತ್ತಾಗಬಾರದು. ಹೀಗೆ ಇಪ್ಪತ್ತು ವರ್ಷ ಬಚ್ಚಿಟ್ಟ ಬರಹ 1980ರ ದಶಕದಲ್ಲಿ ‘ಸ್ತ್ರೀ’ ಪತ್ರಿಕೆಯಲ್ಲಿ ಬೆಳಕು ಕಂಡು, ಆಮೇಲೆ ಪುಸ್ತಕವಾಯಿತು.

ಏಕೆ ಬಚ್ಚಿಡಬೇಕಾಯಿತು? ಪುಸ್ತಕವನ್ನು ಇಂಗ್ಲಿಷಿಗೆ ತಂದ ಮಾಯಾ ಪಂಡಿತ್ ಅವರೊಂದಿಗಿನ ಸಂದರ್ಶನದಲ್ಲಿ ಆಕೆ ಒಂದು ಘಟನೆ ಹೇಳಿದ್ದಾರೆ. ಗಂಡ ಹೆಂಡತಿ ಮುಂಬಯಿಗೆ ಒಂದು ಸಭೆಗೆಂದು ರೈಲಿನಲ್ಲಿ ಹೊರಟಿದ್ದರು. ಜನ ಕಿಕ್ಕಿರಿದ ಡಬ್ಬಿ. ಯಾರೋ ಹುಡುಗರು ಆಕೆಯನ್ನು ದಿಟ್ಟಿಸಿದರು. ಗಂಡ ಅನುಮಾನಪಟ್ಟು, ಮೂಗಿನಲ್ಲಿ ರಕ್ತ ಸುರಿಯುವಂತೆ ಹೆಂಡತಿಗೆ ಹೊಡೆದ.

ಈ ಘಟನೆ ಓದಿದ ಮೇಲೆ ಭಾಷಣದ ಶಕ್ತಿಯ ಬಗ್ಗೆ ಸಲೀಸಾಗಿ ಮಾತಾಡಲು ನನಗೆ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಚಳವಳಿಯ ಗಾಳಿಯಲ್ಲಿ ಬೆಳೆದವರು, ಒಂದೇ ನಾಯಕನ ಮಾತನ್ನು ಎದೆಯಲ್ಲಿಟ್ಟುಕೊಂಡವರು. ಆ ಮಾತು ಅವಳಿಗೆ ಎರಡು ಬಾಗಿಲು ತೆರೆಯಿತು: ಕೇರಿಯ ಬಾಗಿಲು, ಮನೆಯ ಬಾಗಿಲು. ಅವನಿಗೆ ತೆರೆದದ್ದು ಒಂದೇ. ತನ್ನನ್ನು ತುಳಿದ ಕಾಲನ್ನು ಗುರುತಿಸಲು ಮನುಷ್ಯನಿಗೆ ಒಂದು ಭಾಷಣ ಸಾಕಾಗುತ್ತದೆ. ತಾನು ತುಳಿಯುತ್ತಿರುವ ಕಾಲನ್ನು ಹಿಂದೆಗೆಯಲು ಸಾಕಾಗುವುದಿಲ್ಲ. ಅಲ್ಲಿ ಕೇಳುಗ ತಾನೇ ಏನನ್ನಾದರೂ ಬಿಟ್ಟುಕೊಡಬೇಕು. ಸಮಾನತೆಯ ಮಾತು ನಿಂತುಹೋಗುವುದು ಈ ಹೊಸಿಲಿನಲ್ಲೇ.

ಹೊಸಿಲು ಗಂಡಸಿಗೆ ಮಾತ್ರ ಅಡ್ಡ ನಿಂತದ್ದಲ್ಲ. 1937ರಲ್ಲಿ ನಾಗಪುರದಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧಿವೇಶನ ನಡೆಯಿತು. ವೇದಿಕೆಯ ಮೇಲೆ ಹೆಣ್ಣಿನ ಹಕ್ಕುಗಳ ಮಾತು. ಊಟದ ಹೊತ್ತಿಗೆ, ನಾಗಪುರದಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದ ಜಾಯೀಬಾಯಿ ಚೌಧರಿ ಅವರನ್ನು ದಲಿತೆ ಎಂಬ ಕಾರಣಕ್ಕೆ ಬೇರೆ ಕೂರಿಸಿದರು. ಸಮಾನತೆಯ ಭಾಷಣ ಮಾಡಿದವರೂ ಪಂಕ್ತಿಯಲ್ಲಿ ತಮ್ಮ ಎಲೆ ಬಿಟ್ಟು ಸರಿಯಲಿಲ್ಲ.

ಕೇಳುವವರು ಮಾತಾಡುವವರಾದಾಗ

ಹಾಗಾದರೆ ಭಾಷಣ ನಾಟಿದೆ ಎಂದು ಗೊತ್ತಾಗುವುದು ಹೇಗೆ? ಚಪ್ಪಾಳೆಯಿಂದ ಗೊತ್ತಾಗುವುದಿಲ್ಲ. ಕೇಳುತ್ತ ಕೂತವರು ಮುಂದೆ ಎಂದಾದರೂ ಎದ್ದು ಮಾತಾಡಿದರೇ ಎಂಬುದರಿಂದ ಗೊತ್ತಾಗುತ್ತದೆ.

ಮಹಾಡ್ ನಡೆದು ಹದಿನೈದು ವರ್ಷಕ್ಕೆ, 1942ರ ಜುಲೈನಲ್ಲಿ, ಅದೇ ನಾಗಪುರದಲ್ಲಿ ದಲಿತ ಮಹಿಳೆಯರ ಅಖಿಲ ಭಾರತ ಸಮ್ಮೇಳನ ಸೇರಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಬಂದರು. ಅಧ್ಯಕ್ಷೆ ಸುಲೋಚನಾಬಾಯಿ ಡೋಂಗ್ರೆ. ಅಂಬೇಡ್ಕರ್ ಅಲ್ಲಿ ಅತಿಥಿ. ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಎಂಬುದನ್ನು ಅದರ ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಎಂಬುದರಿಂದಲೇ ಅಳೆಯುತ್ತೇನೆ ಎಂದು ಅವರು ಹೇಳಿದ್ದು ಇಲ್ಲಿಯೇ. ಮದುವೆಗೆ ಆತುರ ಬೇಡ, ಹೆಂಡತಿಯಾದವಳು ಗಂಡನಿಗೆ ಗೆಳತಿಯಾಗಿ ಸಮನಾಗಿ ನಿಲ್ಲಲಿ, ಗುಲಾಮಳಾಗಲು ಒಪ್ಪದಿರಲಿ ಎಂದೂ ಹೇಳಿದರು.

ಆ ಸಮ್ಮೇಳನದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಹೆಂಗಸರೇ ಮಂಡಿಸಿದ ಠರಾವುಗಳು. ವಿಚ್ಛೇದನದ ಹಕ್ಕು ಬೇಕು. ಬಹುಪತ್ನಿತ್ವ ಕಾನೂನಿನಿಂದಲೇ ನಿಲ್ಲಬೇಕು. ಹುಡುಗಿಯರಿಗೆ ಹಾಸ್ಟೆಲ್ ಬೇಕು. ಗಿರಣಿಗಳಲ್ಲಿ ಹೆಣ್ಣಾಳುಗಳ ಮೇಲ್ವಿಚಾರಣೆಗೆ ಹೆಂಗಸರನ್ನೇ ನೇಮಿಸಬೇಕು. ಆ ಹೆಣ್ಣಾಳುಗಳಿಗೆ ವರ್ಷಕ್ಕೆ 21 ದಿನ ರಜೆ ಬೇಕು. ಮಹಾಡ್‌ನಲ್ಲಿ ಸೀರೆ ಹೇಗೆ ಉಡಬೇಕೆಂದು ಕೇಳಿಸಿಕೊಂಡ ಚಳವಳಿಯ ಹೆಂಗಸರು, ನಾಗಪುರದಲ್ಲಿ ದೇಶದ ಕಾನೂನು ಹೇಗಿರಬೇಕೆಂದು ಹೇಳುತ್ತಿದ್ದರು. ಈ ಹೆಂಗಸರನ್ನು ಊರೂರು ಅಲೆದು ಹುಡುಕಿ, ಮಾತಾಡಿಸಿ, ಮೀನಾಕ್ಷಿ ಮೂನ್ ಮತ್ತು ಊರ್ಮಿಳಾ ಪವಾರ್ 1989ರಲ್ಲಿ ಮರಾಠಿಯಲ್ಲಿ ಪುಸ್ತಕವೊಂದನ್ನು ತಂದರು. ಇತಿಹಾಸವನ್ನು ನಾವೂ ಕಟ್ಟಿದೆವು ಎಂಬುದೇ ಅದರ ಹೆಸರಿನ ಅರ್ಥ.

ದೂರದ ಇಂಗ್ಲೆಂಡಿನಲ್ಲೂ ಇಂಥದ್ದೇ ಒಂದು ಕಥೆ ಇದೆ. 1865ರಲ್ಲಿ ಮಿಲಿಸೆಂಟ್ ಗ್ಯಾರೆಟ್ ಎಂಬ ಹದಿಹರೆಯದ ಹುಡುಗಿ, ಪಾರ್ಲಿಮೆಂಟಿಗೆ ನಿಂತಿದ್ದ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರ ಭಾಷಣ ಕೇಳಲು ಹೋದಳು. ಹೆಣ್ಣಿಗೂ ಮತದ ಹಕ್ಕು ಬೇಕೆಂಬ ಮಿಲ್ ಮಾತು ಅವಳಲ್ಲಿ ಆಗಲೇ ಇದ್ದ ಕಿಡಿಗೆ ಗಾಳಿ ಹಾಕಿತು. ಮರುವರ್ಷ ಮಹಿಳೆಯರ ಮತದಾನದ ಅರ್ಜಿಗೆ ಸಹಿ ಸಂಗ್ರಹಿಸಿದವರಲ್ಲಿ ಅವಳೂ ಒಬ್ಬಳು. ಸ್ವತಃ ಸಹಿ ಹಾಕುವಷ್ಟು ವಯಸ್ಸು ಅವಳಿಗೆ ಆಗಿರಲಿಲ್ಲ. 1867ರಲ್ಲಿ ಮಿಲ್ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತಂದಾಗ ಪರವಾಗಿ ಬಿದ್ದದ್ದು 73 ಮತ, ವಿರುದ್ಧ 196. ಮದುವೆಯಾಗಿ ಮಿಲಿಸೆಂಟ್ ಫಾಸೆಟ್ ಆಗಿದ್ದ ಆಕೆ ಬಿಡಲಿಲ್ಲ. ಗಂಡಸಿಗೆ ಸಮನಾದ ಮತದ ಹಕ್ಕು ಬ್ರಿಟನ್ನಿನ ಹೆಂಗಸರಿಗೆ ಸಿಕ್ಕದ್ದು 1928ರಲ್ಲಿ. ಅದನ್ನು ಕಣ್ಣಾರೆ ಕಂಡು ಮರುವರ್ಷ ಆಕೆ ತೀರಿಕೊಂಡರು. ಒಂದು ಸಂಜೆ ಕೇಳಿದ ಮಾತು ಅರುವತ್ತಮೂರು ವರ್ಷದ ಕೆಲಸವಾಯಿತು.

ಮಾತಾಡಿದವರು ತೆತ್ತ ಬೆಲೆ

ಕೇಳಿದವರು ಮಾತನ್ನು ನಂಬಲು ಇನ್ನೊಂದು ಕಾರಣ ಬೇಕು. ಮಾತಾಡಿದವರು ಆ ಮಾತಿನ ಹಿಂದೆ ನಿಲ್ಲಬೇಕು. ಮಹಾಡ್‌ನಿಂದ ಬಂದ ಏಳು ತಿಂಗಳಿಗೆ, 1928ರ ಜುಲೈನಲ್ಲಿ, ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರ ವಾದಿಸಿದರು. ಬಾಣಂತಿಗೆ ವಿಶ್ರಾಂತಿ ಕೊಡುವುದು ದೇಶದ ಹಿತಕ್ಕೇ ಎಂಬುದು ಅವರ ವಾದ. ಮರುವರ್ಷ ಮುಂಬಯಿ ಪ್ರಾಂತ್ಯದಲ್ಲಿ ಆ ಕಾನೂನು ಬಂತು. ಸ್ವತಂತ್ರ ಭಾರತದ ಕಾನೂನು ಮಂತ್ರಿಯಾಗಿ ಅವರು ಹಿಂದೂ ಕೋಡ್ ಬಿಲ್ ಹಿಡಿದು ನಿಂತರು. ವಿಚ್ಛೇದನ, ಏಕಪತ್ನಿತ್ವ, ಹೆಣ್ಣಿಗೆ ಆಸ್ತಿ, ಎಲ್ಲವೂ ಅದರಲ್ಲಿತ್ತು. ನಾಗಪುರದ ಹೆಂಗಸರು ಕೇಳಿದ್ದೂ ಅದರಲ್ಲಿತ್ತು. ಮಸೂದೆ ಮೂಲೆಗೆ ಬಿದ್ದಾಗ, 1951ರ ಸೆಪ್ಟೆಂಬರ್‌ನಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. ರಾಜೀನಾಮೆಗೆ ಅವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಹೆಣ್ಣು ಗಂಡಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಬೇರೆ ಕಾನೂನು ಮಾಡುತ್ತ ಹೋಗುವುದು ತಿಪ್ಪೆಯ ಮೇಲೆ ಅರಮನೆ ಕಟ್ಟಿದಂತೆ ಎಂಬ ಅರ್ಥದ ಮಾತನ್ನು ಆಗ ಅವರು ಹೇಳಿದರು.

ಆ ಮಸೂದೆ 1955-56ರಲ್ಲಿ ಬಿಡಿ ಬಿಡಿ ಕಾನೂನುಗಳಾಗಿ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು ಆಗಲೂ ಪೂರ್ತಿ ಆಗಲಿಲ್ಲ. ಅದರಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಹೆಜ್ಜೆ ಇಟ್ಟ ರಾಜ್ಯಗಳಲ್ಲಿ ಒಂದು. ಆ ಹೊತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟರೂ, 1994ರಲ್ಲೇ ನಮ್ಮ ರಾಜ್ಯ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳೆಂದು ಒಪ್ಪಿತು. ಇಡೀ ದೇಶಕ್ಕೆ, ಮದುವೆಯಾದವರೂ ಸೇರಿ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ, ಆ ಹಕ್ಕು ಬಂದದ್ದು 2005ರಲ್ಲಿ.

ಕಾನೂನು ಬಂತು. ಆದರೂ ಇವತ್ತಿಗೂ ನಮ್ಮ ಊರುಗಳ ಉಪನೋಂದಣಿ ಕಚೇರಿಗೆ ಹೋಗಿ ನೋಡಿ. ಅಣ್ಣತಮ್ಮಂದಿರ ನಡುವೆ ಕೂತ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಿರುತ್ತಾರೆ. ‘ತವರಿನ ಬಾಗಿಲು ಮುಚ್ಚಬಾರದಲ್ಲ’ ಎನ್ನುತ್ತಾರೆ. ಪಾಲಿನ ಬದಲು ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದು ಸೀರೆ. ಆ ಅಣ್ಣತಮ್ಮಂದಿರು ಕೆಟ್ಟವರಲ್ಲ. ಮಗಳನ್ನು ಎಂಜಿನಿಯರಿಂಗ್ ಓದಿಸುತ್ತಿರುವವರು, ಮಹಿಳಾ ದಿನದಂದು ಶುಭಾಶಯ ಕಳಿಸುವವರು. ಸಮಾನತೆಯ ಭಾಷಣಕ್ಕೆ ಅವರೂ ಚಪ್ಪಾಳೆ ತಟ್ಟಿದ್ದಾರೆ. ಅವರ ಮುಂದಿರುವುದು ಬೇಬಿ ಕಾಂಬಳೆಯವರ ಗಂಡ ದಾಟಲಾರದೆ ಹೋದ ಅದೇ ಹೊಸಿಲು.

ಸಮಾನತೆಯ ಮಾತು ನಮಗೆ ಹೊಸದೇನಲ್ಲ. ಅಂಬೇಡ್ಕರ್ 1925ರ ಏಪ್ರಿಲ್‌ನಲ್ಲಿ, ಮಹಾಡ್‌ಗಿಂತ ಎರಡು ವರ್ಷ ಮೊದಲೇ, ತಾವೇ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಸಮ್ಮೇಳನಕ್ಕೆ ನಮ್ಮ ನಿಪ್ಪಾಣಿಗೆ ಬಂದಿದ್ದರು. ಅವರ ಮಾತು ನಮ್ಮ ನೆಲದ ಕಿವಿಗೆ ಬಿದ್ದು ನೂರು ವರ್ಷ ದಾಟಿದೆ. ಕೇಳಿಲ್ಲ ಎನ್ನುವಂತಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಬಾರಿ ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ಒಳ್ಳೆಯ ಭಾಷಣ ಕೇಳಿ ಎದೆ ತುಂಬಿ ಬಂದರೆ, ಅದನ್ನು ಚಪ್ಪಾಳೆಯಲ್ಲೇ ಖರ್ಚು ಮಾಡಬೇಡಿ. ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿ: ನಾಳೆ ನನ್ನ ಕೈಯಿಂದ ಆಗುವ ಒಂದು ಕೆಲಸ ಯಾವುದು, ನಾನು ಬಿಟ್ಟುಕೊಡಬೇಕಾದದ್ದು ಯಾವುದು? ಉಂಡ ತಟ್ಟೆ ತೊಳೆಯುವುದಿರಬಹುದು, ಮಗಳ ಮದುವೆಯನ್ನು ಓದು ಮುಗಿಯುವವರೆಗೆ ಮುಂದೂಡುವುದಿರಬಹುದು. ಅಕ್ಕತಂಗಿಯರ ಮುಂದೆ ಬಿಡುಗಡೆ ಪತ್ರ ಇಡಲು ಹೊರಟಿದ್ದರೆ, ಅದನ್ನು ಹರಿದುಹಾಕಿ, ಅವರ ಪಾಲನ್ನು ಅವರ ಹೆಸರಿಗೆ ಬರೆಸಿಕೊಡಿ.